ನಮ್ಮ ಅಪಾರ್ಟ್‌ಮೆಂಟಿಗೊಬ್ಬ ರಾಷ್ಟ್ರಪತಿ

ದೇಶದ ರಾಷ್ಟ್ರಪತಿ ಚುನಾವಣೆ ಬಂದಾಗಲೆಲ್ಲ ನನಗೆ ಒಳಗೊಳಗೇ ಸ್ವಲ್ಪ ಬೇಸರವಾಗುತ್ತದೆ. ಶಾಸಕರಾಗಬೇಕೆನ್ನುವವರು, ಸಂಸದರಾಗಬೇಕೆನ್ನುವವರು ಎಲ್ಲರೂ ನಮ್ಮ ಬಾಗಿಲಿಗೆ ಬಂದು ಕೈಮುಗಿಯುತ್ತಾರೆ. ಆದರೆ ದೇಶದ ಮೊದಲ ಪ್ರಜೆಯನ್ನು ಆರಿಸುವಾಗ ಮಾತ್ರ ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಆರಿಸಿದವರು ಅವರನ್ನು ಆರಿಸುತ್ತಾರೆ. ನನ್ನ ಮದುವೆಗೆ ಹೆಣ್ಣು ನೋಡಲು ಸೋದರಮಾವ ಹೋಗಿ ಒಪ್ಪಿಕೊಂಡು ಬಂದ ಹಾಗಾಯಿತು ಇದು ಎಂದು ಒಮ್ಮೆ ಹೆಂಡತಿಯ ಮುಂದೆ ಹೇಳಿದೆ. ಸುಮಾ ಹಿಟ್ಟು ನಾದುತ್ತಲೇ, "ನಿಮ್ಮನ್ನ ನೋಡೋಕೂ ನಮ್ಮ ಸೋದರಮಾವನೇ ಬಂದಿದ್ರು. ನಾನೇ ಬಂದಿದ್ರೆ ಕತೆ ಬೇರೆ ಇರ್ತಿತ್ತು" ಎಂದಳು. ಅಂದಿನಿಂದ ಆ ಹೋಲಿಕೆಯನ್ನು ಬಿಟ್ಟಿದ್ದೇನೆ.

ಜೆ.ಪಿ. ನಗರದ ಕೊನೆಯ ಹಂತ ಮುಗಿದು ಅಂಜನಾಪುರ ಶುರುವಾಗುವ ಕಡೆ ನಮ್ಮ ಅಪಾರ್ಟ್‌ಮೆಂಟ್ ಇದೆ. ಮೂರು ಬ್ಲಾಕುಗಳು. ಎ ಬ್ಲಾಕ್ ಎತ್ತರವಾಗಿದ್ದು ಅರ್ಧಕ್ಕಿಂತ ಹೆಚ್ಚು ಮನೆಗಳು ಅಲ್ಲೇ ಇವೆ. ನಮ್ಮದೂ ಅಲ್ಲೇ, ಮೊದಲ ಮಹಡಿಯಲ್ಲಿ. ಬಿ ಮಧ್ಯಮ ಗಾತ್ರದ್ದು. ಸಿ ಬ್ಲಾಕ್ ತೀರ ಚಿಕ್ಕದು, ಜನರೇಟರಿಗೆ ಅಂಟಿಕೊಂಡಂತೆ ಮೂಲೆಯಲ್ಲಿದೆ. ಮೊದಲು ಈ ಜಾಗವೆಲ್ಲ ರಾಗಿ ಹೊಲವಾಗಿತ್ತಂತೆ. ಹೊಲದ ಒಡೆಯರ ಮನೆತನಕ್ಕೆ ಬಿಲ್ಡರ್ ಕೊಟ್ಟ ಮನೆಗಳೆಲ್ಲ ಸಿ ಬ್ಲಾಕಿನಲ್ಲಿವೆ. ಆ ಮನೆತನದ ಹಿರಿಯರು ಜಯಮ್ಮ.

ನಮ್ಮ ಸಂಘದ ಅಧ್ಯಕ್ಷರನ್ನೂ ರಾಷ್ಟ್ರಪತಿಗಳ ಹಾಗೆಯೇ ಆರಿಸುತ್ತಿದ್ದರು. ಪ್ರತಿ ಬ್ಲಾಕಿನವರು ಮೂವರು ಪ್ರತಿನಿಧಿಗಳನ್ನು ಕಳುಹಿಸಬೇಕು, ಆ ಒಂಬತ್ತು ಜನ ಸೇರಿ ಅಧ್ಯಕ್ಷರನ್ನು ಆರಿಸಬೇಕು. ದೊಡ್ಡ ಬ್ಲಾಕಿಗೂ ಮೂವರೇ, ಚಿಕ್ಕದಕ್ಕೂ ಮೂವರೇ. ಹೀಗಾಗಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ದಾವಣಗೆರೆ ಕಡೆಯ ರುದ್ರೇಶಪ್ಪನವರು, ನಮ್ಮ ಬಿ ಬ್ಲಾಕಿನವರು, ಸಿ ಬ್ಲಾಕಿನ ಮೂರು ಓಟುಗಳ ಬಲದಿಂದ ಪ್ರತಿ ಸಲವೂ ಅಧ್ಯಕ್ಷರಾಗುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ದೊಡ್ಡ ಜನರೇಟರ್ ತರಿಸಿ, ಕರೆಂಟ್ ಹೋದಾಗಲೂ ಮನೆಯಲ್ಲೆಲ್ಲ ಎ.ಸಿ., ಫ್ರಿಜ್ಜು ಓಡುವಂತೆ ಮಾಡಿ ಎಂದು ಎ ಬ್ಲಾಕಿನವರು ಎಷ್ಟು ಕೇಳಿದರೂ, "ಸಿ ಬ್ಲಾಕಿನೋರು ಒಪ್ಪಲ್ಲ ಸಾರ್, ಅವ್ರಿಗೆ ಇರೋ ಸದ್ದೇ ಸಾಕಾಗಿದೆ" ಎಂದು ಕೈಚೆಲ್ಲುತ್ತಿದ್ದರು. ಲಿಫ್ಟಿಗೂ ನೀರಿನ ಪಂಪಿಗೂ ಮಾತ್ರ ಕರೆಂಟು. ನಾವು ಬೆವರು ಒರೆಸಿಕೊಳ್ಳುತ್ತ ಕೂರಬೇಕು.

ಹೀಗೆ ಬೆವರುತ್ತಿದ್ದ ಒಂದು ಮಧ್ಯಾಹ್ನ ನನ್ನೊಳಗಿನ ಪ್ರಜಾಪ್ರಭುತ್ವವಾದಿ ಎದ್ದು ಕೂತ. ಇಷ್ಟೊಂದು ಜನರ ಅಧ್ಯಕ್ಷರನ್ನು ಒಂಬತ್ತೇ ಜನ ಆರಿಸುವುದೆಂದರೇನು? ಬಾಡಿಗೆಯವರೂ ಸೇರಿದಂತೆ ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಒಂದು ಓಟು ಬೇಕು ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಅಮೆರಿಕದಲ್ಲಿ ಹೆಚ್ಚು ಜನರ ಓಟು ಪಡೆದವರೂ ಸೋತಿರುವುದುಂಟು, ನಮಗೂ ಆ ಗತಿ ಬೇಕೇ ಎಂದೂ ಸೇರಿಸಿದೆ. ಎ ಬ್ಲಾಕಿನಿಂದ ಹೆಬ್ಬೆಟ್ಟುಗಳು, ಚಪ್ಪಾಳೆಗಳು ಸುರಿದವು. ಎಲ್ಲರೂ ಓಟು ಹಾಕಿದರೆ ಗೆಲ್ಲುವುದು ಎ ಬ್ಲಾಕೇ ಎಂಬ ಲೆಕ್ಕವನ್ನು ನಾನು ಬರೆದಿರಲಿಲ್ಲ. ಅವರೂ ಬರೆಯಲಿಲ್ಲ. ಸಭ್ಯ ಜನ.

ಈಗ ಹೊಸ ತೊಡಕು ಹುಟ್ಟಿತು. ಎಲ್ಲರೂ ಓಟು ಹಾಕಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ಎಲ್ಲರೋ ಅಥವಾ ಆ ಒಂಬತ್ತು ಜನರೋ? ಈ ಬಗ್ಗೆ ಪಾರ್ಕಿಂಗಿನಲ್ಲಿ ನಡೆದ ವಾದಗಳನ್ನು ಕೇಳಿದ್ದರೆ ಸಂವಿಧಾನ ಬರೆದವರೂ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದರು. ಕೊನೆಗೆ ರುದ್ರೇಶಪ್ಪನವರು, "ಇರೋ ನಿಯಮ ಬದಲಾಗೋವರ್ಗೂ ಇರೋ ನಿಯಮಾನೇ ನಿಯಮ" ಎಂದರು. ಯಾರಿಗೂ ಪೂರ್ತಿ ಅರ್ಥವಾಗದಿದ್ದರೂ ಎಲ್ಲರೂ ಒಪ್ಪಿದರು. ಅಂದರೆ ಒಂಬತ್ತು ಜನರೇ ತೀರ್ಮಾನಿಸಬೇಕು. ಎ ಬ್ಲಾಕಿನ ಮೂವರಲ್ಲಿ ನಾನೂ ಒಬ್ಬ. ನಮ್ಮ ಮೂರು, ಬಿ ಬ್ಲಾಕಿನಿಂದ ಒಂದು, ಒಟ್ಟು ನಾಲ್ಕು ಓಟು ಖಾತರಿ. ಇನ್ನೊಂದು ಬೇಕು.

ಅದನ್ನು ಕೇಳಲು ಸಿ ಬ್ಲಾಕಿನ ಮೂವರಲ್ಲಿ ಒಬ್ಬರಾದ ಜಯಮ್ಮನವರ ಮನೆಗೆ ಹೋದೆ. ಅವರೂ ಅವರ ಸೊಸೆ ರೂಪಾಳೂ ಬಟಾಣಿ ಬಿಡಿಸುತ್ತ ಕೂತಿದ್ದರು. "ಬನ್ನಿ ಸಾರ್, ಕೂತ್ಕೊಳಿ" ಎಂದರು. ನಾನು ಗಂಟಲು ಸರಿಮಾಡಿಕೊಂಡು, "ನೋಡಿ ಅಮ್ಮ, ಪ್ರಜಾಪ್ರಭುತ್ವ ಅಂದ್ರೆ..." ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮರುಕ್ಷಣವೇ ಕಿಟಕಿಯಾಚೆ ಜನರೇಟರ್ ಎದ್ದಿತು. ನಾನು ಪ್ರಜಾಪ್ರಭುತ್ವವನ್ನು ಕೂಗಿ ಹೇಳಿದೆ, ನನಗೇ ಕೇಳಿಸಲಿಲ್ಲ. ಸ್ಟೀಲ್ ತಟ್ಟೆಯಲ್ಲಿ ಬಟಾಣಿ ಕಾಳುಗಳು ನಡುಗುತ್ತಿದ್ದವು.

ಆಗ ನಾನು ಕಂಡದ್ದನ್ನು ಹೇಗೆ ಹೇಳಲಿ! ಜಯಮ್ಮ ಸೊಸೆಯ ಕಡೆ ತಿರುಗಿ ಎರಡು ಬೆರಳನ್ನು ಮಡಿಚಿ ತುಟಿಯ ಬಳಿ ತಂದರು. ಸೊಸೆ ಹುಬ್ಬೇರಿಸಿ, ಅಂಗೈ ಮಗುಚಿದಳು. ಜಯಮ್ಮ ಬಾಲ್ಕನಿಗೆ ಹೋಗಿ ಎದುರು ಮನೆಯವರಿಗೆ ಕೈಯಲ್ಲೇ ಏನೋ ಕೇಳಿದರು. ಆ ಮನೆಯ ಹೆಂಗಸು ಇನ್ನೊಬ್ಬರಿಗೆ ದಾಟಿಸಿದಳು. ಸ್ವಲ್ಪ ಹೊತ್ತಿನಲ್ಲಿ ಒಂದು ಲೋಟ ಹಾಲು ಬಂತು, ನನಗೆ ಕಾಫಿಯೂ ಆಯಿತು. ಮೇಲಿನ ಮಹಡಿಯಿಂದ ಯಾರೋ ಕೈಯಾಡಿಸಿ ಹೇಳಿದ್ದಕ್ಕೆ ಅತ್ತೆ, ಸೊಸೆ, ಎದುರು ಮನೆಯವರು ಒಟ್ಟಿಗೇ ನಕ್ಕರು. ಜೋಕನ್ನೂ ಕೈಯಲ್ಲೇ ಹೇಳುತ್ತಾರೆ! ಇಷ್ಟು ವರ್ಷ ನಾನು ಮಹಡಿಯಲ್ಲಿ ಬೆವರು ಒರೆಸುತ್ತ ಗೊಣಗುತ್ತಿದ್ದಾಗ, ಈ ಜನ ಕೂಗಾಡಿ ಜಗಳವಾಡುವ ಬದಲು ತಮ್ಮದೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಕಾಫಿ ಲೋಟ ಹಿಡಿದು ಬಾಯಿ ತೆರೆದು ಕೂತುಬಿಟ್ಟೆ. ಕರೆಂಟು ಬಂದರೂ ಓಟಿನ ಮಾತೆತ್ತಲಿಲ್ಲ. "ಸುಮ್ನೆ ಮಾತಾಡ್ಸಿ ಹೋಗೋಣ ಅಂತ ಬಂದೆ" ಎಂದು ಹೇಳಿ ಎದ್ದುಬಂದೆ.

ಭಾನುವಾರ ಸಭೆ. ಒಂಬತ್ತು ಜನ ಮೇಜಿನ ಸುತ್ತ; ಉಳಿದವರೆಲ್ಲ ಹಿಂದೆ ನಿಂತಿದ್ದರು. ಒಬ್ಬೊಬ್ಬರಾಗಿ ಕೈಯೆತ್ತಿದೆವು. ಎಲ್ಲರ ಓಟಿಗೆ ನಾಲ್ಕು, ಹಳೆಯ ಪದ್ಧತಿಗೆ ನಾಲ್ಕು. ಉಳಿದವರು ಜಯಮ್ಮ. ಇನ್ನೇನು, ಸೋತೆವು ಎಂದುಕೊಂಡೆ. ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ನನ್ನ ವಿರುದ್ಧವೇ ಓಟು ಹಾಕುತ್ತಿದ್ದೆ.

ಜಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. "ನಂಗೆ ಭಾಷಣ ಬರಲ್ಲ. ಇಷ್ಟು ವರ್ಷ ನಮ್ಮ ಬ್ಲಾಕಿನ ಓಟು ಮೂರು ಜನದ ಕೈಯಲ್ಲಿತ್ತು. ರುದ್ರೇಶಪ್ಪೋರು ನಮ್ಮ ಮೂವರನ್ನ ಹುಡುಕ್ಕೊಂಡು ಬಂದು ಮಾತಾಡ್ಸೋರು, ಮೇಲಿನ ಮನೆಯೋರನ್ನ ಒಂದ್ ದಿನಾನೂ ಕೇಳ್ಲಿಲ್ಲ. ನಿನ್ನೆ ನಮ್ಮ ಸೊಸೆ ಕೇಳಿದ್ಲು, ಅತ್ತೆ, ಆ ಸದ್ದಲ್ಲಿ ನಾನೂ ಬದುಕ್ತಿಲ್ವಾ, ನನ್ನ ಓಟೆಲ್ಲಿ ಅಂತ. ಎಲ್ಲಾರೂ ಹಾಕ್ಲಿ."

ಸಿ ಬ್ಲಾಕಿನ ಇನ್ನೊಬ್ಬ ಪ್ರತಿನಿಧಿ, ಅವರ ಮೈದುನ, "ಅತ್ಗೆ, ದೊಡ್ಡ ಜನರೇಟರ್ ತಂದು ಇಡ್ತಾರೆ ಕಣಮ್ಮ!" ಎಂದು ಕೂಗಿದರು.

"ಇಡ್ಲಿ ಬಿಡು, ಆದ್ರೆ ಕೇಳ್ಕೊಂಡು ಇಡ್ಲಿ. ಎ ಬ್ಲಾಕಿನೋರ್ಗೂ ಕಿವಿ ಇದೆಯಲ್ಲ. ನಾನೇ ಮನೆಮನೆಗೂ ಹೋಗಿ ಮಾತಾಡ್ತೀನಿ" ಎಂದು ಜಯಮ್ಮ ಕೈಯೆತ್ತಿದರು.

ನಾವು ಗೆದ್ದೆವು. ಆದರೆ ಎ ಬ್ಲಾಕಿನವರ್ಯಾರೂ ಚಪ್ಪಾಳೆ ತಟ್ಟಲಿಲ್ಲ. ಅನುಕೂಲಕ್ಕಾಗಿ ನ್ಯಾಯದ ಮಾತಾಡಿದ ನನ್ನ ಮುಂದೆ, ತನಗೆ ನಷ್ಟವೆಂದು ಗೊತ್ತಿದ್ದೂ ನ್ಯಾಯವನ್ನು ಆರಿಸಿಕೊಂಡ ಹೆಂಗಸು ನಿಂತಿದ್ದರು. ಯಾವ ಪಾರ್ಲಿಮೆಂಟಿನಲ್ಲಿ ಇಂಥದ್ದು ನೋಡಲು ಸಿಗುತ್ತದೆ?

ಹೇಳಿದಂತೆ ಜಯಮ್ಮ ಮನೆಮನೆಗೂ ಹೋದರು. ಅಧ್ಯಕ್ಷ ಸ್ಥಾನಕ್ಕೂ ನಿಂತರು. ಎಲ್ಲರಿಗೂ ಒಂದೇ ಮಾತು: "ಕರೆಂಟ್ ಹೋದಾಗ ಒಂದ್ಸಲ ನಮ್ಮನೆಗೆ ಬಂದು ಕೂತ್ಕೊಳಿ. ಆಮೇಲೆ ನಿಮ್ಮಿಷ್ಟ." ಬೇಸಿಗೆಯಾದ್ದರಿಂದ ಕರೆಂಟು ಹೋಗಲು ತೊಂದರೆಯಿರಲಿಲ್ಲ. ಎ ಬ್ಲಾಕಿನವರು ಗುಂಪುಗುಂಪಾಗಿ ಹೋಗಿ, ಕಿವಿ ಮುಚ್ಚಿಕೊಂಡು ಕೂತು, ಕೈಭಾಷೆ ಕಂಡು ಬೆರಗಾಗಿ ಬಂದರು.

ಚುನಾವಣೆಯ ದಿನ ಪಾರ್ಕಿಂಗಿನಲ್ಲಿ ನಿಂತ ಸಾಲು ಗೇಟಿನವರೆಗೂ ಬೆಳೆದಿತ್ತು. ನಮ್ಮಲ್ಲಿ ಇಷ್ಟು ಜನ ಇದ್ದಾರೆಯೇ? ವಾಕರ್ ಹಿಡಿದು ಬಂದ ಅಜ್ಜ, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿ, ಬಾಡಿಗೆಮನೆಯ ಹುಡುಗಿಯರು. ಲಿಫ್ಟಿನಲ್ಲಿ ಫೋನಿನಿಂದ ತಲೆಯೆತ್ತದಿದ್ದವರೆಲ್ಲ ಹಬ್ಬಕ್ಕೆ ಬಂದವರಂತೆ ಪರಸ್ಪರ ಹೆಸರು ಕೇಳಿಕೊಳ್ಳುತ್ತಿದ್ದರು. ರೂಪಾ ಚೀಟಿ ಹಾಕಿ ಬಂದು, "ಹಾಕ್ದೆ ಅಂಕಲ್!" ಎಂದಾಗ ಯಾಕೋ ಕಣ್ಣು ಮಂಜಾಯಿತು. ಸಂಜೆ ಎಣಿಕೆಯಾಯಿತು. ಜಯಮ್ಮ ಭಾರಿ ಅಂತರದಿಂದ ಗೆದ್ದರು. ನಮ್ಮ ಎ ಬ್ಲಾಕಿನ ಓಟುಗಳಿಂದಲೇ. ಸೋತ ರುದ್ರೇಶಪ್ಪನವರೇ ಮೊದಲು ಹಾರ ಹಾಕಿದರು. ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ. ಈ ಕ್ರಾಂತಿ ನನ್ನ ಮೆಸೇಜಿನಿಂದ ಶುರುವಾದದ್ದು ಎಂದು ಪಕ್ಕದವರಿಗೆ ಎರಡು ಸಲ ನೆನಪಿಸಿದೆ.

ಹೊಸ ಅಧ್ಯಕ್ಷರು ಮೊದಲ ಸಭೆಯಲ್ಲೇ ದೊಡ್ಡ ಜನರೇಟರಿಗೆ ಒಪ್ಪಿಗೆ ಕೊಟ್ಟರು. ಜನಕ್ಕೆ ಬೇಕು, ತರೋಣ. ಆದರೆ ಸಿ ಬ್ಲಾಕಿನ ಪಕ್ಕ ಬೇಡ. ಖಾಲಿ ಜಾಗ ಇರುವ ಕಡೆ ಇಡೋಣ ಎಂದರು. ಎಲ್ಲರೂ ಕೈಯೆತ್ತಿದರು. ಉತ್ಸಾಹದ ಭರದಲ್ಲಿ ನಾನೂ ಎತ್ತಿದೆ. ಕೈ ಇಳಿಸುವಾಗ ಹೊಳೆಯಿತು: ನಮ್ಮಲ್ಲಿ ಖಾಲಿ ಜಾಗ ಇರುವುದು ಒಂದೇ ಕಡೆ, ಎ ಬ್ಲಾಕಿನ ಹಿಂದೆ, ನಮ್ಮ ಮಲಗುವ ಕೋಣೆಯ ಕಿಟಕಿಯ ಕೆಳಗೆ.

ಮರುದಿನ ಬೆಳಿಗ್ಗೆಯೇ ಜಯಮ್ಮನವರ ಬಾಗಿಲು ತಟ್ಟಿದೆ. "ಅಮ್ಮ, ಆ ಸದ್ದು ನೇರವಾಗಿ ಬಡಿಯೋದು ಹಿಂದುಗಡೆಯ ನಮ್ಮ ನಾಲ್ಕೇ ಮನೆಗೆ. ಎಲ್ಲರೂ ಸೇರಿ ಕೈಯೆತ್ತಿದ್ರೆ ನಮ್ಮಂಥೋರ ಗತಿ?"

"ಹಂಗಾದ್ರೆ ಇನ್ನೊಂದ್ಸಲ ಎಲ್ಲಾರ್ನೂ ಕರ್ದು ಓಟಿಗೆ ಹಾಕೋಣ್ವಾ ಸಾರ್?"

"ಎಲ್ಲಾರ್ನೂ ಯಾಕೆ ಅಮ್ಮ?" ಎಂದೆ ದನಿ ತಗ್ಗಿಸಿ. "ಒಂದೊಂದ್ ಕಡೆಯಿಂದ ಮೂರ್ಮೂರು ಜನ ತಿಳಿದೋರು ಕೂತು ತೀರ್ಮಾನ ಮಾಡಿದ್ರೆ ಸಾಕಲ್ವಾ?"