ವೆರಿ ಗುಡ್, ಕೂತ್ಕೋ, ನೆಕ್ಸ್ಟ್

ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರುಗಳು ಅದನ್ನೇ ಕಲಿಸಿದರು. ಊಟದ ಹೊತ್ತಿಗೆ ಸೈಲೆನ್ಸ್, ಪ್ರೇಯರಿನ ಹೊತ್ತಿಗೆ ಸೈಲೆನ್ಸ್, ಕಾರಿಡಾರಿನಲ್ಲಿ ನಡೆಯುವಾಗ ತುಟಿಯ ಮೇಲೆ ಬೆರಳು. ಹಾಗೆ ಒಳಗೇ ಉಳಿದುಹೋದ ಮಾತನ್ನೆಲ್ಲ ಆಮೇಲೆ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಟೀಚರಾಗಿ ಮಕ್ಕಳ ಮೇಲೆ ಸುರಿದೆ. ರಿಟೈರಾಗಿ ಹದಿಮೂರು ವರ್ಷವಾಯಿತು, ಇನ್ನೂ ಮುಗಿದಿಲ್ಲ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿರುವುದು ನಾನು ಮತ್ತು ನನ್ನ ತಂಗಿ ರಾಜಿ. ರಾಜಿ ಟೀವಿಯ ವಾಲ್ಯೂಮನ್ನು ಅಷ್ಟು ಜೋರಾಗಿ ಇಡುತ್ತಾಳೆ. ಅವಳ ಕಿವಿ ಮಂದವಾದದ್ದಕ್ಕಲ್ಲ, ನಾನು ಮನೆಯಲ್ಲಿರುವುದಕ್ಕೆ ಎಂದು ಬೀದಿಗೆಲ್ಲ ಗೊತ್ತು. ಇಂಥ ನನ್ನನ್ನು ಹೋಗಿ ಹೋಗಿ ಕೌನ್ಸೆಲರ್ ಮಾಡಿದರು.

ಮಾಡಿದವಳು ಚಿಂತಾಮಣಿ ರಸ್ತೆಯ ಹಳ್ಳಿಯೊಂದರ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಒಂದು ಕಾಲದಲ್ಲಿ ನನ್ನ ಸ್ಟೂಡೆಂಟು. ಮಕ್ಕಳು ಏನೇನೋ ಮನಸ್ಸಿನಲ್ಲಿಟ್ಟುಕೊಂಡು ಓಡಾಡುತ್ತವೆ ಮಿಸ್, ಕೇಳಿಸಿಕೊಳ್ಳೋಕೆ ಒಬ್ಬರು ಬೇಕು, ಶನಿವಾರ ಒಂದು ಗಂಟೆ ಬಂದರೆ ಸಾಕು ಎಂದು ಫೋನು ಮಾಡಿದಳು. ಅದಕ್ಕೆ ಚಿಕ್ಕಬಳ್ಳಾಪುರದಲ್ಲಿ ಎರಡು ದಿನ ಟ್ರೈನಿಂಗ್ ಬೇರೆ. ಟ್ರೈನಿಂಗ್ ಕೊಟ್ಟ ಹುಡುಗಿಗೆ ಮೂವತ್ತೂ ತುಂಬಿರಲಿಲ್ಲ. ಅವಳು ಹೇಳಿದ್ದಿಷ್ಟೇ: ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ, ಹೂಂ ಅನ್ನಿ, ಕೇಳಿದ್ದನ್ನು ಆ ರೂಮಿನಲ್ಲೇ ಬಿಟ್ಟು ಬನ್ನಿ. ಆಮೇಲೆ ನಮ್ಮನ್ನು ಜೋಡಿ ಜೋಡಿ ಕೂರಿಸಿ ಪ್ರಾಕ್ಟೀಸ್ ಮಾಡಿಸಿದಳು. ನನ್ನ ಜೋಡಿ ಗೌರಿಬಿದನೂರಿನ ಒಬ್ಬರು ರಿಟೈರ್ಡ್ ಬ್ಯಾಂಕ್ ಆಫೀಸರು. ಪಾಪ, ಅವರು ಸೊಸೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಹಾಕುವ ದುಃಖವನ್ನು ತೋಡಿಕೊಳ್ಳುತ್ತಿದ್ದರು. ಐದೇ ನಿಮಿಷದಲ್ಲಿ ಟ್ರೈನರ್ ಬಂದು ನನ್ನ ಹೆಗಲು ಮುಟ್ಟಿದಳು. “ಮೇಡಂ, ನೀವು ಇವರ ಕಷ್ಟ ಕೇಳ್ತಿಲ್ಲ, ಸೊಸೆ ಕಡೆಯಿಂದ ವಾದ ಮಾಡ್ತಿದ್ದೀರಿ,” ಎಂದಳು. ಬ್ಯಾಂಕಿನವರು ಮಧ್ಯಾಹ್ನದ ಊಟಕ್ಕೆ ಬೇರೆ ಟೇಬಲ್ಲಿಗೆ ಹೋದರು.

ಮೊದಲನೇ ಶನಿವಾರ ನಾನು ಸ್ಕೂಲಿಗೆ ಕಾಲಿಡುವ ಹೊತ್ತಿಗೆ ಪ್ರಾರ್ಥನೆ ನಡೆಯುತ್ತಿತ್ತು. ಪಿ.ಟಿ. ಮೇಷ್ಟ್ರು ಒಳ್ಳೆಯ ಮನುಷ್ಯ, ಶಿಸ್ತಿನ ಮನುಷ್ಯ, ಕೈಯಲ್ಲಿ ಮೈಕು ಇದ್ದರೆ ಇನ್ನೂ ಶಿಸ್ತು. ಮಾನಸಿಕ ಸಮಸ್ಯೆ ಇರುವ ವಿದ್ಯಾರ್ಥಿಗಳೆಲ್ಲ ಬಲಗಡೆ ಬಂದು ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು ಎಂದು ಅನೌನ್ಸ್ ಮಾಡಿದರು. ಸ್ಕೂಲಿಗೆ ಸ್ಕೂಲೇ ಆರೋಗ್ಯವಾಗಿತ್ತು. ಒಂದು ನರಪಿಳ್ಳೆಯೂ ಬಲಗಡೆ ಸರಿಯಲಿಲ್ಲ. ಎರಡನೇ ಶನಿವಾರ ನಾನು ಲೈಬ್ರರಿ ರೂಮಿನಲ್ಲಿ ಒಬ್ಬಳೇ ಕೂತು ಅಟ್ಲಾಸಿನಲ್ಲಿ ಆಸ್ಟ್ರೇಲಿಯಾ ನೋಡಿಕೊಂಡು ಬಂದೆ. ಮೂರನೆಯ ವಾರಕ್ಕೆ ನನಗೊಂದು ಐಡಿಯಾ ಹೊಳೆಯಿತು. ಬಾಗಿಲ ಮೇಲೆ ‘ಸ್ಪೋಕನ್ ಇಂಗ್ಲಿಷ್’ ಎಂದು ಬರೆದು ಅಂಟಿಸಿದೆ. ಆರು ಹುಡುಗಿಯರು ಉದ್ದದ ನೋಟ್‌ಬುಕ್ಕು ಹಿಡಿದು ಬಂದು ಕೂತರು. ಕೌನ್ಸೆಲಿಂಗ್ ಎಂದರೆ ಕಳಿಸದ ತಾಯಂದಿರು ಇಂಗ್ಲಿಷ್ ಎಂದ ಕೂಡಲೇ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಕಳಿಸಿದ್ದರು.

ಇದು ಮೋಸ ಎಂದು ನನಗೂ ಗೊತ್ತು. ಆದರೆ ಆ ಮೋಸದೊಳಗೆ ಒಂದು ವಿಚಿತ್ರ ನಡೆಯಿತು. ಈ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಕನ್ನಡದಲ್ಲಿ ಏನಮ್ಮ ಸಮಾಚಾರ ಎಂದರೆ “ಏನಿಲ್ಲ ಮಿಸ್”. ತೆಲುಗಿನಲ್ಲಿ ಕೇಳಿದರೆ ನಗು. ಅದೇ ನಾನು ಬೋರ್ಡಿನ ಮೇಲೆ ‘ಐ ಆ್ಯಮ್ ಅಫ್ರೇಡ್ ಆಫ್’ ಎಂದು ಬರೆದು ಮುಂದೆ ಗೆರೆ ಎಳೆದರೆ ಸಾಕು, ಆಯೇಷಾ ಎಂಬ ಹುಡುಗಿ ಎದ್ದು ನಿಂತು ಇಂಗ್ಲಿಷಿನಲ್ಲಿ, ನನಗೆ ನಮ್ಮಣ್ಣನ ಭಯ ಎಂದುಬಿಟ್ಟಳು. ಹೇಳಿ ತಣ್ಣಗೆ ಕೂತಳು, ಬೇರೆ ಯಾರದೋ ಅಣ್ಣನ ವಿಷಯ ಎಂಬ ಹಾಗೆ. ಇಂಗ್ಲಿಷ್ ಯಾರ ಮನೆಯ ಮಾತೂ ಅಲ್ಲವಲ್ಲ. ಅದರಲ್ಲಿ ಹೇಳಿದ್ದು ಅಡುಗೆಮನೆಯವರೆಗೆ ಹೋಗುವುದಿಲ್ಲ. ನಾನು ಒಳಗೊಳಗೇ ಬೀಗಿದೆ. ಟ್ರೈನಿಂಗಿನ ಆ ಹುಡುಗಿಗೆ ಹೇಳಿಕೊಡಬೇಕು ಇದನ್ನು ಎಂದುಕೊಂಡೆ. ಡಿಯರ್ ಮಿ, ಎಪ್ಪತ್ತೊಂದರಲ್ಲೂ ನನ್ನ ಬೀಗುವ ಚಟ ಹೋಗಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಶನಿವಾರದ ಗೆರೆ ‘ಫ್ರಮ್ ಮಂಡೇ ಐ ವಿಲ್’. ಸೋಮವಾರದಿಂದ ನಾನು ಏನು ಮಾಡುತ್ತೇನೆ. ಒಬ್ಬಳು ಬೇಗ ಏಳುತ್ತೇನೆಂದಳು, ಒಬ್ಬಳು ತಂಗಿಯ ಜೊತೆ ಜಗಳವಾಡುವುದಿಲ್ಲವೆಂದಳು, ಆಯೇಷಾ ಮ್ಯಾಥ್ಸ್ ನೋಟ್ಸು ಪೂರ್ತಿ ಮಾಡುತ್ತೇನೆಂದಳು. ಕೊನೆಯ ಬೆಂಚಿನಲ್ಲಿ ಶಿರೀಷ ಎಂಬುವಳು. ಹತ್ತನೇ ಕ್ಲಾಸು, ತೆಳ್ಳನೆ ಹುಡುಗಿ, ಅಲ್ಲಿಯವರೆಗೆ ಒಂದು ಸಲವೂ ಬಾಯಿ ಬಿಟ್ಟವಳಲ್ಲ. ಅವತ್ತು ತಾನಾಗಿಯೇ ಎದ್ದಳು. “ಫ್ರಮ್ ಮಂಡೇ ಐ ವಿಲ್ ನಾಟ್ ಕಮ್ ಟು ಸ್ಕೂಲ್,” ಎಂದು ಸ್ಪಷ್ಟವಾಗಿ, ನಿಧಾನವಾಗಿ ಹೇಳಿ ನನ್ನನ್ನೇ ನೋಡುತ್ತ ನಿಂತಳು. ಮೂಕಿ ಮಾತಾಡಿದಳಲ್ಲ ಎಂಬ ಸಂತೋಷದಲ್ಲಿ ನನ್ನ ಬಾಯಿ, ಮೂವತ್ತನಾಲ್ಕು ವರ್ಷದ ಅಭ್ಯಾಸದ ಬಾಯಿ, ತಾನೇ ತೆರೆದುಕೊಂಡಿತು. “ವೆರಿ ಗುಡ್, ಕೂತ್ಕೋ. ನೆಕ್ಸ್ಟ್.”

ನಾನು ಏನೆಂದುಬಿಟ್ಟೆ ಎಂದು ನನಗೆ ಅರ್ಥವಾದದ್ದು ಮಾರನೆಯ ದಿನ, ಇಡ್ಲಿ ತಿನ್ನುವಾಗ. ರೂಮಿನ ಮಾತನ್ನು ರೂಮಿನಲ್ಲೇ ಬಿಟ್ಟು ಬರಬೇಕೆಂಬ ನಿಯಮ ಇತ್ತು, ನಿಜ. ಹೆಸರು ಹೇಳದಿದ್ದರೆ ನಿಯಮ ಮುರಿದ ಹಾಗಲ್ಲ ಎಂದು ನಾನೇ ಒಂದು ಉಪನಿಯಮ ಮಾಡಿಕೊಂಡು ರಾಜಿಗೆ ಎಲ್ಲರ ವಾಕ್ಯಗಳನ್ನೂ ಒಪ್ಪಿಸುತ್ತಿದ್ದೆ. ರಾಜಿ ರಿಮೋಟ್ ಎತ್ತಿ ಟೀವಿಯ ವಾಲ್ಯೂಮ್ ಇಳಿಸಿದಳು. ಈ ಮನೆಯಲ್ಲಿ ಹಾಗಾಗುವುದು ಅಪರೂಪ.

“ಸ್ಕೂಲ್ ಬಿಡ್ತೀನಿ ಅಂದವಳಿಗೆ ನೀನು ಏನಂದೆ ಅಕ್ಕ?”

“ವೆರಿ ಗುಡ್ ಅಂದೆ.”

ರಾಜಿ ನನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದಳು, ಆಸ್ಪತ್ರೆಯಲ್ಲಿ ಮಲಗಿದವರಿಗೆ ಹಾಕುವ ಹಾಗೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಶಿರೀಷ ಬಂದಿರಲಿಲ್ಲ. ಹೆಡ್‌ಮಿಸ್ಟ್ರೆಸ್ಸಿಗೆ ಹೇಳೋಣವೆಂದರೆ ಅವಳು ಪಿ.ಟಿ. ಮೇಷ್ಟ್ರಿಗೆ ಹೇಳುತ್ತಾಳೆ, ಅವರ ಕೈಗೆ ಮೈಕು ಸಿಗುತ್ತದೆ. ಆಯೇಷಾಳನ್ನು ಕರೆದು ಮನೆ ಎಲ್ಲಿ ಎಂದು ಕೇಳಿದೆ. ಊರಾಚೆ ಹಿಪ್ಪುನೇರಳೆ ತೋಟದ ಪಕ್ಕ, ಶೀಟಿನ ಮನೆ ಎಂದಳು. ಹಾದಿಯುದ್ದಕ್ಕೂ ಒಂದು ಭಾಷಣ ರೆಡಿ ಮಾಡಿಕೊಂಡೆ. ಹೆಣ್ಣುಮಕ್ಕಳ ವಿದ್ಯೆ, ಹತ್ತನೇ ಕ್ಲಾಸಿನ ಬೆಲೆ, ಕಷ್ಟಪಟ್ಟು ಮೇಲೆ ಬಂದವರ ಉದಾಹರಣೆಗಳು. ಒಟ್ಟು ಇಪ್ಪತ್ತು ನಿಮಿಷದ್ದು, ಕೊನೆಯಲ್ಲಿ ಸ್ವಲ್ಪ ಕಣ್ಣೀರು.

ಅದು ವಾಸದ ಮನೆಯಲ್ಲ, ರೇಷ್ಮೆ ಹುಳು ಸಾಕುವ ಮನೆ. ಬಾಗಿಲಲ್ಲೇ ಶಿರೀಷಳ ಅಜ್ಜಿ ಕೈ ಅಡ್ಡ ಹಿಡಿದರು. ನನ್ನದೇ ವಯಸ್ಸು, ನನ್ನ ಎರಡರಷ್ಟು ಗಟ್ಟಿ. ಮೂಗು ಅರಳಿಸಿ ನನ್ನನ್ನು ಮೂಸಿದರು. ಕಾನ್ವೆಂಟಿನ ಕಾಲದಿಂದ ನಾನು ಪೌಡರು ಹಚ್ಚದೆ ಹೊಸಿಲು ದಾಟಿದವಳಲ್ಲ, ಕರ್ಚೀಫಿಗೆ ಎರಡು ಹನಿ ಸೆಂಟೂ ಬೇಕು.

“ಇಷ್ಟು ವಾಸನೆ ಹೊಡ್ಕೊಂಡು ಹುಳದ ಮನೆಗೆ ಬರ್ತಾರೇನಮ್ಮ?” ಎಂದರು. “ನಾಲ್ಕನೇ ಜ್ವರ ಎದ್ದಿದಾವೆ. ತಿನ್ನೋದು ಬಿಟ್ರೆ ನಮ್ಮ ಗತಿ ಏನು? ಮೊದ್ಲು ಮುಖ ತೊಳ್ಕೋ.”

ಹುಳುಗಳು ಪೊರೆ ಬಿಡುವುದನ್ನು ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅವು ಒಂದು ವಾರ ಬಕಾಸುರರು. ತೊಟ್ಟಿಯ ನೀರಿನಲ್ಲಿ ಮುಖ, ಕೈ, ಕಾಲು ತೊಳೆಸಿದರು. ನನ್ನ ಕರ್ಚೀಫನ್ನು ಕಡ್ಡಿಯಲ್ಲಿ ಎತ್ತಿ ಹೊರಗಿನ ಬೇಲಿಗೆ ಹಾಕಿದರು. ಅಷ್ಟರಲ್ಲಿ ನನಗೊಂದು ಸೀನು ಬಂತು. ಅಜ್ಜಿ ಒಂದು ಟವೆಲ್ಲು ತಂದು ನನ್ನ ಮೂಗು ಬಾಯಿ ಎರಡನ್ನೂ ಸೇರಿಸಿ ಹಿಂದೆ ಬಿಗಿಯಾಗಿ ಗಂಟು ಹಾಕಿದರು. “ಬಂದಿದ್ದೀಯಲ್ಲ, ಸುಮ್ನೆ ನಿಂತ್ಕೋಬೇಡ. ನನಗೆ ಕಣ್ಣು ಕಾಣಲ್ಲ, ನನ್ನ ಮಗ ತೋಟದಲ್ಲಿದಾನೆ. ಆ ಮಗು ಜೊತೆ ಸೊಪ್ಪು ಹಾಕು,” ಎಂದು ಒಳಗೆ ತಳ್ಳಿದರು.

ಒಳಗೆ ಉದ್ದಕ್ಕೆ ಅಟ್ಟಣಿಗೆಗಳು, ಅವುಗಳ ತುಂಬ ಹುಳು. ಇಡೀ ಕ್ಲಾಸು ಒಟ್ಟಿಗೆ ಉತ್ತರಪತ್ರಿಕೆ ಮಗುಚುತ್ತಲೇ ಇದ್ದ ಹಾಗೆ ಸರಸರ ಸದ್ದು. ಶಿರೀಷ ನನ್ನನ್ನು ನೋಡಿ ಬೆಚ್ಚಿದಳು. ಆಮೇಲೆ ಒಂದು ಹೊರೆ ಸೊಪ್ಪಿನ ಕಡ್ಡಿಗಳನ್ನು ನನ್ನ ಕೈಗೆ ಕೊಟ್ಟು, ಹೀಗೆ ಅಡ್ಡಡ್ಡ ಇಡಿ ಮಿಸ್ ಎಂದು ತೋರಿಸಿದಳು. ನಾನು ಭಾಷಣ ಆರಂಭಿಸಿದೆ. ಟವೆಲ್ಲಿನ ಆಚೆಗೆ ಹೋದದ್ದು “ಹೂಂ” ಎಂಬುದಷ್ಟೇ. ಮತ್ತೊಮ್ಮೆ ಪ್ರಯತ್ನಿಸಿದೆ. ಮತ್ತೆ “ಹೂಂ”. ಆಗ ಹುಡುಗಿ ಮಾತಾಡತೊಡಗಿದಳು.

ಮುಕ್ಕಾಲು ಗಂಟೆ ಮಾತಾಡಿದಳು, ಅರ್ಧ ಕನ್ನಡ, ಅರ್ಧ ತೆಲುಗು. ಯುಗಾದಿ ಆದ ಮೇಲೆ ಅಪ್ಪ ಅಮ್ಮನಿಗೆ ಜಗಳವಾಗಿ ಅಮ್ಮ ತೊಂಡೇಬಾವಿಯ ತವರಿಗೆ ಹೋಗಿದ್ದಾಳೆ. ಫೋನು ಮಾಡುತ್ತಾಳೆ, ಬರುತ್ತೇನೆ ಅನ್ನುವುದಿಲ್ಲ. ಬೆಳಗಿನ ಸೊಪ್ಪು ಇವಳೇ ಹಾಕಬೇಕು. ಮುಗಿಸಿ ಓಡಿದರೂ ಸ್ಕೂಲಿಗೆ ಇಪ್ಪತ್ತು ನಿಮಿಷ ಲೇಟು. ಲೇಟಾದವರು ಮೊದಲನೇ ಪೀರಿಯಡ್ಡು ಪೂರ್ತಿ ಕ್ಲಾಸಿನ ಹೊರಗೆ ನಿಲ್ಲಬೇಕು ಎಂದು ಪಿ.ಟಿ. ಮೇಷ್ಟ್ರ ರೂಲು. ಮೊದಲನೇ ಪೀರಿಯಡ್ಡು ದಿನಾ ಮ್ಯಾಥ್ಸು. ಎರಡು ತಿಂಗಳು ಹೊರಗೆ ನಿಂತು ನಿಂತು ಈಗ ಒಳಗೆ ಕೂತರೂ ಏನೂ ತಿಳಿಯುವುದಿಲ್ಲ. ಬಿಡು ಎಂದು ಮನೆಯಲ್ಲಿ ಯಾರೂ ಅಂದಿಲ್ಲ. ಬಿಡಬೇಡ ಎಂದೂ ಯಾರೂ ಅಂದಿಲ್ಲ.

“ಶನಿವಾರ ನಿಮಗೆ ಹೇಳಿ ನೋಡೋಣ ಅಂದ್ಕೊಂಡೆ ಮಿಸ್,” ಎಂದಳು, ಹುಳುಗಳನ್ನೇ ನೋಡುತ್ತ. “ಯಾಕೆ ಅಂತ ಕೇಳ್ತೀರೇನೋ ಅಂತ. ನೀವು ವೆರಿ ಗುಡ್ ಅಂದ್ರಿ. ಓದಿರೋರು ಅಂತಾರೆ ಅಂದ್ರೆ ಅದೇ ಸರಿ ಇರಬೇಕು ಅಂದ್ಕೊಂಡೆ.”

ಆಗ ನನ್ನ ಬಾಯಿಗೆ ಟವೆಲ್ಲಿನ ಅಗತ್ಯವೇ ಇರಲಿಲ್ಲ.

ಹೊರಡುವಾಗ ಅಂಗಳದಲ್ಲಿ ಗಂಟು ಬಿಚ್ಚಿಕೊಂಡೆ. ಭಾಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಸ್ಕೂಲಿಗೆ ಬಾ ಮಗಳೇ ಎಂದಷ್ಟೇ ಅಂದೆ. ಇದನ್ನೆಲ್ಲ ಮೇಷ್ಟ್ರ ಹತ್ತಿರ ಹೇಳಬೇಡಿ ಮಿಸ್, ನಮ್ಮಮ್ಮನ ವಿಷಯ ಮೈಕಲ್ಲಿ ಬರೋದು ಬೇಡ ಎಂದಳು. ಹೇಳುವುದಿಲ್ಲ ಎಂದೆ. “ಹುಳ ಭಾನುವಾರ ಹಣ್ಣಾಗ್ತವೆ, ಗೂಡು ಕಟ್ಟೋಕೆ ಶುರು ಮಾಡ್ತವೆ, ಆಮೇಲೆ ಬರಬಹುದು. ಆದ್ರೆ ಹಣ್ಣಾಗದೆ ಉಳಿದವಕ್ಕೆ ಬೆಳಿಗ್ಗೆ ಸೊಪ್ಪು ಹಾಕೋದು ಇದ್ದೇ ಇರುತ್ತೆ. ಬಂದ್ರೂ ಹೊರಗೇ ನಿಲ್ಲಬೇಕಲ್ಲ ಮಿಸ್?” ಎಂದು ಕೇಳಿದಳು. ಉತ್ತರವಿಲ್ಲದಾಗ ಏನಾದರೂ ಒಂದು ಅನ್ನುವುದು ನನ್ನ ಸ್ವಭಾವ. “ನಾನೂ ನಿಲ್ತೀನಿ ಕಣೇ ನಿನ್ನ ಜೊತೆ,” ಎಂದುಬಿಟ್ಟೆ.

ಬಸ್ಸು ಹತ್ತಿದ ಮೇಲೆ, ಆ ಮಾತನ್ನು ಹುಡುಗಿ ಮರೆತಿರಲಿ ಎಂದು ದೇವರನ್ನು ಕೇಳಿಕೊಂಡೆ. ನನ್ನ ಮಂಡಿಗಳ ಸ್ಥಿತಿ ದೇವರಿಗೂ ಗೊತ್ತು, ರಾಜಿಗೂ ಗೊತ್ತು.

ಮುಂದಿನ ಸೋಮವಾರ ಗೇಟಿನ ಒಳಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಬೆಲ್ ಆಯಿತು, ಪ್ರಾರ್ಥನೆಯಾಯಿತು, ಅಂಗಳ ಖಾಲಿಯಾಯಿತು. ಬರುವುದಿಲ್ಲ ಎಂದುಕೊಳ್ಳುವ ಹೊತ್ತಿಗೆ ಕೂದಲಲ್ಲಿ ಒಂದು ಸೊಪ್ಪಿನ ಚೂರು ಸಿಕ್ಕಿಸಿಕೊಂಡೇ ಶಿರೀಷ ಓಡಿ ಬಂದಳು. ಸರಿಯಾಗಿ ಇಪ್ಪತ್ತು ನಿಮಿಷ ಲೇಟು. ಪಿ.ಟಿ. ಮೇಷ್ಟ್ರು ಕ್ಲಾಸಿನ ಹೊರಗಿನ ಜಾಗವನ್ನು ಬೆರಳಲ್ಲಿ ತೋರಿಸಿದರು. ಅವಳು ಹೋಗಿ ನಿಂತಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. “ಮೇಡಂ, ನೀವು?” ಎಂದರು. ನಾನು ತಲೆಯಾಡಿಸಿದೆ. ಹುಡುಗಿಗೆ ಮಾತು ಕೊಟ್ಟಿದ್ದೆ, ಕಾರಣ ಹೇಳುವ ಹಾಗಿರಲಿಲ್ಲ.

ಅಲ್ಲಿ ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಒಳಗೆ ಮ್ಯಾಥ್ಸಿನವರ ದನಿ ಕೇಳುತ್ತದೆ, ಬೋರ್ಡು ಕಾಣುವುದಿಲ್ಲ. ಐದು ನಿಮಿಷಕ್ಕೆ ಎಡಮಂಡಿ ತಕರಾರು ತೆಗೆಯಿತು, ಎಂಟಕ್ಕೆ ಬಲದ್ದು. ಕಿಟಕಿಯ ಪಕ್ಕ ಕೂತಿದ್ದ ಆಯೇಷಾ ಯಾರಿಗೂ ಕಾಣದ ಹಾಗೆ ತನ್ನ ನೋಟ್ಸನ್ನು ಕಂಬಿಗೆ ಒರಗಿಸಿ ನಮ್ಮ ಕಡೆ ತಿರುಗಿಸಿ ಹಿಡಿದಳು. ಶಿರೀಷ ಗೋಡೆಗೆ ಪುಸ್ತಕವಿಟ್ಟುಕೊಂಡು ಕಾಪಿ ಮಾಡತೊಡಗಿದಳು. “ನೀವು ಹೋಗಿ ಮಿಸ್, ಕಾಲು ನೋಯುತ್ತೆ ನಿಮಗೆ,” ಎಂದು ಮೆಲ್ಲಗೆ ಬೈದಳು. ನಾನು ಹೂಂ ಎಂದೆ. ಹನ್ನೆರಡನೇ ನಿಮಿಷಕ್ಕೆ ಮೇಷ್ಟ್ರು ಒಂದು ಕುರ್ಚಿ ತಂದು ನನ್ನ ಹಿಂದೆ ಇಟ್ಟರು. ಅವಳು ನಿಂತಿರುವಾಗ ಕೂರಲಾರೆ ಎಂದೆ. ನನ್ನ ಮಂಡಿಗಳು ನನ್ನ ಜೊತೆ ಮಾತು ಬಿಟ್ಟವು. ಮೇಷ್ಟ್ರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಅವಳ ಕೂದಲಲ್ಲಿದ್ದ ಸೊಪ್ಪಿನ ಚೂರನ್ನು ನೋಡಿದರು. ಅವರ ಮನೆಯಲ್ಲೂ ಹುಳು ಸಾಕುತ್ತಾರಂತೆ, ಆಮೇಲೆ ಗೊತ್ತಾಯಿತು. “ಒಳಗೆ ಹೋಗಮ್ಮ,” ಎಂದರು. “ಹುಳದ ಬೆಳೆ ಇದ್ದಾಗ ನನಗೊಂದು ಮಾತು ಹೇಳು, ಸಾಕು.”

ಶಿರೀಷ ಚೀಲ ಎತ್ತಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ ಒಮ್ಮೆ ನೋಡುತ್ತಾಳೆ ಎಂದು ಕಾದೆ. ನೋಡಲಿಲ್ಲ. ಮ್ಯಾಥ್ಸು ನಡೆಯುತ್ತಿತ್ತಲ್ಲ. ಆಗ ಕುರ್ಚಿಯ ಮೇಲೆ ಕುಸಿದೆ, ಏಳಲಾಗದೆ ಅಲ್ಲೇ ಬಿಸಿಲಿನಲ್ಲಿ ಉಳಿದೆ. ನನ್ನ ಕಾಲದಲ್ಲಿ ಲೇಟಾಗಿ ಬಂದ ಎಷ್ಟು ಮಕ್ಕಳನ್ನು ನಾನು ಹೀಗೆ ಬಾಗಿಲಾಚೆ ನಿಲ್ಲಿಸಿದ್ದೆ ಎಂದು ಲೆಕ್ಕ ಹಾಕಲು ಹೋದೆ. ಮುಖಗಳು ಒಂದೊಂದೇ ಬಂದವು. ಯಾಕೆ ಲೇಟು ಎಂದು ಕೇಳಿದ್ದು ಮಾತ್ರ ಒಂದೂ ನೆನಪಿಗೆ ಬರಲಿಲ್ಲ. ಎಂಟನೇ ಕ್ಲಾಸಿನ ಚೋಟುದ್ದದ ಹುಡುಗಿಯೊಬ್ಬಳು ನಲ್ಲಿಯಲ್ಲಿ ಬಾಟಲಿಗೆ ನೀರು ಹಿಡಿಯುತ್ತ ನನ್ನನ್ನೇ ನೋಡುತ್ತಿದ್ದಳು. ಕಡೆಗೆ ಹತ್ತಿರ ಬಂದು, “ನೀವೇನು ತಪ್ಪು ಮಾಡಿದ್ರಿ ಮಿಸ್?” ಎಂದು ಕೇಳಿದಳು.

ನಾನು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಹೇಳಲು ಶುರುಮಾಡಿದೆ. ಆದರೆ ಅವಳ ಬಾಟಲಿ ತುಂಬಿತ್ತು, ಹೊರಟುಹೋದಳು.