ಮೂರನೇ ಇಂಜಿನ್ನಿನ ಪ್ರೊಪೆಲ್ಲರ್ ಸರಿಮಾಡಿದವರಿಗೆ

ಮಾನ್ಯರೇ,

ಹಾರುವುದನ್ನು ಎಂದೋ ಬಿಟ್ಟ ಪ್ರೊಪೆಲ್ಲರ್ ವಿಮಾನಗಳನ್ನು ಗೇಣುದ್ದಕ್ಕಿಳಿಸಿ, ಲೋಹದಲ್ಲಿ ಎರಕ ಹೊಯ್ದು, ಚೆಂದದ ಡಬ್ಬಿಯಲ್ಲಿಟ್ಟು ಲೋಕಕ್ಕೆ ಹಂಚುತ್ತಿರುವ ತಮ್ಮ ಕಂಪನಿಗೂ, ಅದರ ಗುಣಮಟ್ಟ ವಿಭಾಗದ ಮುಖ್ಯಸ್ಥರಾದ ತಮಗೂ ಈ ಗೃಹಿಣಿಯ ಅನಂತಾನಂತ ನಮಸ್ಕಾರಗಳು.

ನಮ್ಮ ಯಜಮಾನರು ಮೂವತ್ತೊಂದು ವರ್ಷ ವಿಮಾನದ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೆ ಎರಡು ವರ್ಷ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಒಂದೇ ಪತ್ರಿಕೆಯನ್ನು ಮೂರು ಸಲ ಓದಿ, ಏನು ಕೇಳಿದರೂ ‘ಹೂಂ’ ಎಂದು, ಗಡ್ಡ ಬೋಳಿಸುವುದನ್ನೂ ಮರೆತು, ಆ ಕುರ್ಚಿಗೆ ಐದನೇ ಕಾಲಾಗಿಬಿಟ್ಟಿದ್ದರು. ಹುಟ್ಟುಹಬ್ಬಕ್ಕೆಂದು, ಅವರು ಮೊದಲು ಸ್ಪ್ಯಾನರ್ ಹಿಡಿದು ಕೆಲಸ ಕಲಿತ ನಾಲ್ಕು ಇಂಜಿನ್ನಿನ ವಿಮಾನದ ಮಾದರಿಯನ್ನೇ ತಮ್ಮಿಂದ ತರಿಸಿದೆ.

ಡಬ್ಬಿ ಬಿಚ್ಚಿ ಎರಡು ನಿಮಿಷವಾಗಿರಲಿಲ್ಲ, “ಅಯ್ಯೋ ಇವರ ಮನೆ ಹಾಳಾಗ! ಮೂರನೇ ಇಂಜಿನ್ನಿನ ಪ್ರೊಪೆಲ್ಲರ್ ಹಿಂದುಮುಂದಾಗಿ ಹಾಕಿದಾರೆ ಕಣೇ!” ಎನ್ನುತ್ತಾ ಎದ್ದು ನಿಂತರು. ಎರಡು ವರ್ಷದಲ್ಲಿ ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು.

ಆ ಕ್ಷಣವೇ ವಿಮಾನದ ಮೂತಿಗೆ ‘ಹಾರಾಟಕ್ಕೆ ಅನರ್ಹ’ ಎಂಬ ಕೆಂಪು ಚೀಟಿ ಬಿತ್ತು. ದೋಷವಿರುವ ವಿಮಾನವನ್ನು ನಿಂತಲ್ಲಿಂದ ಅಲುಗಿಸಬಾರದೆಂಬುದು ಅವರ ಶಿಸ್ತಾದ್ದರಿಂದ, ಅದು ನಿಂತಿದ್ದ ನಮ್ಮ ಊಟದ ಮೇಜೂ ಜಪ್ತಿಯಾಗಿ, ನಾನೂ ಮಗಳೂ ನಲವತ್ತು ದಿನ ಅಡುಗೆಕಟ್ಟೆಗೆ ಒರಗಿ ನಿಂತು ಉಂಡೆವು. ಅವರೋ ದಿನಾ ಬೆಳಿಗ್ಗೆ ನುಣ್ಣಗೆ ಗಡ್ಡ ಬೋಳಿಸಿ, ಹಳೆಯ ಯೂನಿಫಾರ್ಮ್ ಅಂಗಿ ತೊಟ್ಟು, ಸಿಳ್ಳೆ ಹಾಕುತ್ತಾ ‘ಡ್ಯೂಟಿ’ಗೆ ಹಾಜರಾಗಿ ಹನ್ನೊಂದು ಪುಟದ ದೋಷವರದಿ ಬರೆದು ತಮಗೆ ಕಳಿಸಿದರು, ಮೂರು ಇಂಜಿನ್ ಮುಂದಕ್ಕೆಳೆಯುವಾಗ ಒಂದು ಸೋತು ಹಿಂದುಳಿದರೆ ಏನಾಗುತ್ತದೆಂದು ಅಂಚೆಯವನನ್ನೂ ನಿಲ್ಲಿಸಿಕೊಂಡು ಪಾಠ ಹೇಳಿದರು. ನಾನು ಗೊಣಗಿದ್ದು ನಿಜ, ಆದರೆ ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅಷ್ಟರಲ್ಲಿ ತಾವೇನು ಮಾಡಿದಿರಿ? ವರದಿಯನ್ನು ಓದಿಬಿಟ್ಟಿರಿ! ಯಾವ ಕಂಪನಿ ಗಿರಾಕಿಯ ದೂರು ಓದುತ್ತದೆ ಸ್ವಾಮೀ? ಸಾಲದ್ದಕ್ಕೆ ಕ್ಷಮೆ ಕೇಳಿ, ಹಳೆಯದನ್ನು ವಾಪಸು ತರಿಸಿಕೊಂಡು, ಕೂದಲೆಳೆಯಷ್ಟೂ ಕುಂದಿಲ್ಲದ ಹೊಸ ವಿಮಾನ ಕಳಿಸಿದಿರಿ. ಮೂರು ದಿನ ಭೂತಗನ್ನಡಿ ಹಿಡಿದು ಹುಡುಕಿದ ಅವರು, “ಎಲ್ಲಾ ಸರಿಯಾಗಿದೆ” ಎಂದು ಅದನ್ನು ಕಪಾಟಿನ ಮೇಲಿಟ್ಟು, ಮತ್ತೆ ಕಿಟಕಿ ಪಕ್ಕಕ್ಕೆ ಹೋಗಿ ಕೂತರು. ಈಗ ಮೂವರೂ ಮೇಜಿನಲ್ಲೇ ಉಣ್ಣುತ್ತೇವೆ. ಮಾತಿಲ್ಲ, ಕತೆಯಿಲ್ಲ. ನನಗೆ ಭಯವಾಗುತ್ತಿದೆ.

ಆದ್ದರಿಂದ, ಆ ಪ್ರೊಪೆಲ್ಲರನ್ನು ತಿರುಗುಮುರುಗಾಗಿ ಜೋಡಿಸಿದ ಮಹಾನುಭಾವರನ್ನು ತಾವು ಕೆಲಸದಿಂದ ತೆಗೆದಿದ್ದಲ್ಲಿ, ಬಡ್ತಿ ಕೊಟ್ಟು ಮರಳಿ ಕರೆಸಿ, ವರ್ಷಕ್ಕೆ ನಾಲ್ಕು ವಿಮಾನಗಳನ್ನು ಅವರ ಅಮೃತಹಸ್ತದಿಂದಲೇ ಮಾಡಿಸಿ ನಮ್ಮ ವಿಳಾಸಕ್ಕೆ ಕಳಿಸಬೇಕೆಂದು ಬೇಡುತ್ತೇನೆ. ಬಾಲವನ್ನು ಮೂತಿಗೆ ಅಂಟಿಸುವಂಥ ಢಾಳು ತಪ್ಪು ಬೇಡ, ನಮ್ಮವರಿಗೆ ಅವಮಾನವಾದೀತು. ಹುಡುಕಲು ಒಂದು ವಾರವಾದರೂ ಹಿಡಿಯಲಿ. ಅವರು ದೂರು ಬರೆದಾಗ, ಉಳಿದ ಕಂಪನಿಗಳಂತೆ ಮರ್ಯಾದೆಯಾಗಿ ಅದನ್ನು ಓದದೆ ಕಸದಬುಟ್ಟಿಗೆ ಹಾಕಿ.

ತಮ್ಮ ವಿಶ್ವಾಸಿ (ಸದ್ಯಕ್ಕೆ),
ಮೆಕ್ಯಾನಿಕ್‌ನ ಹೆಂಡತಿ

ಮರೆತ ಮಾತು: ಹದಿನಾಲ್ಕು ವರ್ಷದೊಳಗಿನವರಿಗೆ ಅಪಾಯ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದೀರಿ. ಆ ಮಕ್ಕಳಿಗೇನೂ ಆಗುವುದಿಲ್ಲ, ಮುರಿದು ಇನ್ನೊಂದು ಕೇಳುತ್ತವೆ. ಅರವತ್ತು ದಾಟಿದವರ ಕೈಗೆ ಇಷ್ಟು ಸರಿಯಾಗಿರುವ ವಸ್ತುವನ್ನು ಕೊಡಬಾರದೆಂದು ಅದರ ಕೆಳಗೇ ದಪ್ಪಕ್ಷರದಲ್ಲಿ ಹಾಕಿಸಿ.