ನೀಲವ್ವಾಯಿಯ ಫೋಟೋಗೆ ನಾಲ್ಕನೆಯವನು

ಹೈದರಾಬಾದಿನ ಕುಷಾಯಿಗೂಡದ ನಮ್ಮ ತಾರಸಿಯ ಮೇಲೆ ಆ ಭಾನುವಾರ ನಡೆದದ್ದನ್ನು ನಡೆದ ಕ್ರಮದಲ್ಲೇ, ಏನನ್ನೂ ಕೂಡಿಸದೆ ಹೇಳುತ್ತೇನೆ. ಕೂಡಿಸುವ ಅಗತ್ಯ ಬೀಳುವುದಿಲ್ಲ.

ಮೊದಲು ನನ್ನ ಅರ್ಹತೆ. ನನ್ನ ಬಳಿ ಒಂದು ಒಳ್ಳೆಯ ಕ್ಯಾಮೆರಾ ಇದೆ. ಅರ್ಹತೆ ಮುಗಿಯಿತು. ರಜೆಯ ದಿನ ಕೆರೆಯ ದಂಡೆಗೆ ಹೋಗಿ ಪಕ್ಷಿಗಳ ಫೋಟೋ ತೆಗೆಯುವುದು ನನ್ನ ಹವ್ಯಾಸ. ನಾನು ಬಟನ್ ಒತ್ತುವುದಕ್ಕೂ ಪಕ್ಷಿ ಹಾರುವುದಕ್ಕೂ ಏನೋ ಒಪ್ಪಂದವಿದ್ದಂತಿದೆ. ಹೀಗಾಗಿ ಖಾಲಿ ಕೊಂಬೆಗಳ ಅತ್ಯುತ್ತಮ ಚಿತ್ರಗಳು ನನ್ನಲ್ಲಿವೆ. ಹೆಂಡತಿ ನಿರ್ಮಲಾ ಅವನ್ನೆಲ್ಲ ಸಾವಧಾನವಾಗಿ ನೋಡಿ, "ಕಟಿಗಿ ಅಡ್ಡಾದವರಿಗೆ ತೋರಸ್ರಿ, ಅವರಿಗೆ ಉಪಯೋಗ ಆಗ್ತಾವ" ಎಂದಿದ್ದಳು.

ಕೆಳಗಿನ ಮನೆಯ ಬಸವ್ವ ಲಿಂಗಸುಗೂರು ಕಡೆಯವರು. ಅವರ ತಾಯಿ ನೀಲವ್ವಾಯಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೈದರಾಬಾದಿಗೆ ಬಂದು ಮಗಳ ಮನೆಯಲ್ಲಿ ಉಳಿದಿದ್ದರು. ಆಪರೇಷನ್ ಚೆನ್ನಾಗಿ ಆಗಿತ್ತು. ಸೋಮವಾರ ಬೆಳಿಗ್ಗೆ ಮಗ ಬಂದು ಲಿಂಗಂಪಲ್ಲಿಯಿಂದ ರೈಲಿನಲ್ಲಿ ಊರ ಕಡೆ ಕರೆದೊಯ್ಯುವವನಿದ್ದ. ಹೊರಡುವ ಮೊದಲು ಆಯಿಗೆ ಒಂದು ಆಸೆ.

"ಆಧಾರ್ ಕಾರ್ಡಿನ್ಯಾಗ ಒಂದ್ ಫೋಟೋ ಐತಿ, ಅದರಾಗ ನಾ ಕಳ್ಳಿ ಕಂಡಂಗ ಕಾಣ್ತೀನಿ. ಮಗಳು, ಮೊಮ್ಮಗಳು, ನಾನು ಕೂಡಿದ್ದೊಂದು ಫೋಟೋ ಗ್ವಾಡಿಗೆ ಬೇಕು. ಹೊಸಾ ಕಣ್ಣು ಬಂದೈತಿ, ದಿನಾ ಎದ್ದು ನೋಡತೀನಿ."

ಮೊಮ್ಮಗಳು ಸವಿತಾ ಸ್ಟುಡಿಯೋಕ್ಕೆ ಹೋಗೋಣವೆಂದಳು. ಆಗ ನಾನು ಬಾಯಿ ತೆರೆದೆ. ನಾನಿರುವಾಗ ಸ್ಟುಡಿಯೋ ಏಕೆ ಎಂದು ಕೇಳಿದೆ. ನಿರ್ಮಲಾ ನನ್ನನ್ನೊಮ್ಮೆ ನೋಡಿದಳು. ಆ ನೋಟಕ್ಕೆ ಅರ್ಥವಿತ್ತೆಂದು ನನಗೆ ಮಧ್ಯಾಹ್ನದ ಮೇಲೆ ತಿಳಿಯಿತು.

ತಾರಸಿಯ ಮೇಲೆ ನೀರಿನ ಟ್ಯಾಂಕುಗಳು ಕಾಣಬಾರದೆಂದು ಹಸಿರು ಚಾದರವೊಂದನ್ನು ಪರದೆ ಮಾಡಿದೆ. ಅದರ ಒಂದು ತುದಿಯನ್ನು ಪೈಪಿಗೆ ಕಟ್ಟಿದೆ, ಇನ್ನೊಂದನ್ನು ನಿರ್ಮಲಾಳ ಕೈಗೆ ಕೊಟ್ಟೆ. ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಮಗಳು ಮೊಮ್ಮಗಳನ್ನು ಎರಡೂ ಪಕ್ಕಕ್ಕೆ ಮಂಡಿಯೂರಿಸಿದೆ. ಬಿಸಿಲಿಗೆ ಕಣ್ಣು ಒಡ್ಡಬಾರದೆಂದು ಡಾಕ್ಟರು ಹೇಳಿದ್ದರಿಂದ ಆಯಿ ಆಸ್ಪತ್ರೆಯ ದೊಡ್ಡ ಕಪ್ಪು ಕನ್ನಡಕ ಹಾಕಿದ್ದರು. ಅವರು ಅದನ್ನು ತೆಗೆಯುವ ಪ್ರಶ್ನೆಯೇ ಇರಲಿಲ್ಲ. ನಾನು ಮೂರು ಮುಖಗಳು ತುಂಬುವಷ್ಟು ಹತ್ತಿರ ಕುಕ್ಕರಗಾಲಲ್ಲಿ ಕೂತೆ.

"ನಿಂದ್ರು ತಮ್ಮಾ," ಎಂದು ಆಯಿ ಕೈ ಎತ್ತಿದರು. "ಮೂರ್ ಮಂದಿ ಕೂಡಿ ಫೋಟೋ ತಗಸಬಾರದು. ಮೂವರಾಗ ಒಬ್ಬರಿಗೆ ಕೇಡು. ನನಗಾದರ ಆಗಲಿ ಬಿಡು, ಈ ಹುಡುಗಿ ಇನ್ನ ಬಾಳಿ ಬದುಕಾಕಿ."

ಇದಕ್ಕೆ ಉತ್ತರ ನನ್ನ ಕ್ಯಾಮೆರಾದ ಕೈಪಿಡಿಯಲ್ಲಿ ಇರಲಿಲ್ಲ. ಬಸವ್ವನ ಗಂಡ ಕೆಲಸದ ಮೇಲೆ ಹೊರಗಿದ್ದರು. ನಿರ್ಮಲಾ ಚಾದರ ಬಿಟ್ಟರೆ ಟ್ಯಾಂಕು ಕಾಣುತ್ತಿತ್ತು. ಆಯಿಯೇ ತೀರ್ಪು ಕೊಟ್ಟರು: ನಾಲ್ಕನೆಯವನಾಗಿ ನಾನೇ ನಿಲ್ಲಬೇಕು. ಬಟನ್ ಒತ್ತಿ ಓಡಿ ಹೋದರೆ ಸ್ವಲ್ಪ ಹೊತ್ತಿಗೆ ತಾನೇ ಕ್ಲಿಕ್ಕಿಸುವ ಟೈಮರ್ ಕ್ಯಾಮೆರಾದಲ್ಲಿ ಇದ್ದೇ ಇದೆ. ಒಪ್ಪಿದೆ.

ಕೂತಲ್ಲಿಂದ ಏಳುವ ಮೊದಲು, "ಇದು ಫೋಟೋ ಅಲ್ಲ ಆಯಿ, ಬೆಳಕು ನೋಡಾಕತ್ತೀನಿ ಅಷ್ಟ" ಎಂದು ಹೇಳಿ ಒಂದು ಸಲ ಬಟನ್ ಒತ್ತಿದೆ. ಮೂವರೂ ನನ್ನತ್ತ ನೋಡಿ ಯಾಕೋ ನಗುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ಕಲಾವಿದನ ಏಕಾಗ್ರತೆ!

ಕ್ಯಾಮೆರಾವನ್ನು ದೂರದಲ್ಲಿ ಸ್ಟ್ಯಾಂಡಿಗೆ ಹಾಕಿದೆ. ಸ್ಟ್ಯಾಂಡಿಗೂ ಕುರ್ಚಿಗೂ ನಡುವೆ ಹಳೆಯ ಸೀರೆಯ ಮೇಲೆ ನಿರ್ಮಲಾ ಸಂಡಿಗೆ ಒಣಹಾಕಿದ್ದಳು. ಬಟನ್ ಒತ್ತಿ ಸಂಡಿಗೆಯನ್ನು ಬಳಸಿಕೊಂಡು ಓಡಿದೆ. ತಲುಪುವ ಮೊದಲೇ ಕ್ಲಿಕ್ ಆಯಿತು. ಚಿತ್ರದಲ್ಲಿ ನನ್ನ ಬೆನ್ನಿತ್ತು. ಬೆನ್ನಿನ ಹಿಂದೆ ಮೂವರು ಇದ್ದರೆಂದು ಊಹಿಸಬಹುದಿತ್ತು.

ಎರಡನೆಯ ಸಲ ಸಮಯ ಉಳಿಸಲು ಸಂಡಿಗೆಯನ್ನು ದಾಟಿ ಜಿಗಿದೆ. ಪೂರ್ತಿ ದಾಟಲಿಲ್ಲ. ಚಟಚಟನೆ ಸದ್ದಾಯಿತು. ನಿರ್ಮಲಾ ಚಾದರ ಹಿಡಿದಿದ್ದಳು, ಕೈ ಖಾಲಿ ಇರಲಿಲ್ಲ. ಅದು ನನ್ನ ಪುಣ್ಯ. "ಕಾಲೀಗೆ ಹತ್ತಿದ್ದನ್ನ ಸಂಜೀಕ ಕರದು ನಿಮಗ ಹಾಕ್ತೀನ್ರಿ" ಎಂದಷ್ಟೇ ಹೇಳಿದಳು. ಆ ಚಿತ್ರದಲ್ಲಿ ಎಲ್ಲರೂ ಸಂಡಿಗೆಯನ್ನು ನೋಡುತ್ತಿದ್ದಾರೆ.

ಮೂರನೆಯ ಸಲ ಮತ್ತೆ ಅಲ್ಲೇ ಕಾಲಿಟ್ಟೆ. ಈ ಬಾರಿ ನಿರ್ಮಲಾ ಚಾದರ ಬಿಟ್ಟಳು. ಅದೇ ಹೊತ್ತಿಗೆ ಗಾಳಿ ಬಂತು. ಚಾದರ ಎದ್ದು ಆಯಿಯ ಮೇಲೆ ಪೂರ್ತಿ ಮುಚ್ಚಿಕೊಂಡಿತು. ಕ್ಲಿಕ್ ಆಯಿತು. ನಾನು ಚಾದರ ಹಿಡಿಯಲು ಹೋಗಿ, ಸಂಡಿಗೆಯ ಸೀರೆ ಕಾಲಿಗೆ ಸುತ್ತಿ, ಹಿಂದಕ್ಕೆ ವಾಲಿ ಸ್ಟ್ಯಾಂಡನ್ನು ತಬ್ಬಿಕೊಂಡು ಬಿದ್ದೆ. ಕ್ಯಾಮೆರಾ ನೆಲಕ್ಕೆ ಬಡಿಯಿತು. ಅದರ ಕಡೆ ನಾನು ನೋಡಲಿಲ್ಲ. ಚಾದರದ ಒಳಗಿಂದ ಆಯಿಯ ದನಿ ಬಂತು.

"ಬಸವ್ವಾ, ಕತ್ತಲಾತಲ್ಲೇ."

ಹೊಸ ಕಣ್ಣು! ಒಂದು ಫೋಟೋದ ಹುಚ್ಚಿಗೆ ನಾನು ಆ ಮುದುಕಿಯ ಕಣ್ಣು ಕಳೆದೆನೆಂದೇ ತಿಳಿದೆ. ಬಸವ್ವ ಚಾದರ ಸರಿಸಿದರು. ಕಪ್ಪು ಕನ್ನಡಕ ಇದ್ದಲ್ಲೇ ಭದ್ರವಾಗಿತ್ತು. ಅದರ ಕೆಳಗೆ ಆಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಕನ್ನಡಕ ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಕ್ಯಾಮೆರಾದ ಲೆನ್ಸ್ ಸಂಡಿಗೆಯ ಪುಡಿ ತುಂಬಿಕೊಂಡು ಅಲುಗಾಡದೆ ಕೂತುಬಿಟ್ಟಿತ್ತು. ಬಿಸಿಲು ಇಳಿಯುತ್ತಿತ್ತು. ದಣಿದ ಆಯಿಯನ್ನು ಇನ್ನು ಸ್ಟುಡಿಯೋಕ್ಕೆ ಹೊರಡಿಸುವಂತಿರಲಿಲ್ಲ. ಬೆಳಗಾದರೆ ರೈಲು, ಆಯಿಯ ಗೋಡೆಗೆ ಫೋಟೋ ಇಲ್ಲ.

ಕೆಳಗೆ ಬಂದು, ಇದ್ದದ್ದನ್ನು ತೋರಿಸು ಎಂದು ಆಯಿ ಹಟ ಹಿಡಿದರು. ಕಿಟಕಿಯ ಪರದೆ ಎಳೆದು, ಲ್ಯಾಪ್‌ಟಾಪಿನ ಬೆಳಕು ತಗ್ಗಿಸಿ ಇಟ್ಟೆ. ಆಯಿ ಕನ್ನಡಕ ತೆಗೆದರು. ಆಪರೇಷನ್ನಿಗೆ ಮೊದಲು ನೋಡಿದ್ದರೆ ನನ್ನ ಚಿತ್ರಗಳು ಅವರಿಗೆ ಚೆನ್ನಾಗಿಯೇ ಕಾಣುತ್ತಿದ್ದವೇನೋ. ಈಗ ಎಲ್ಲವೂ ಸ್ಪಷ್ಟ. ನನ್ನ ಬೆನ್ನು ನೋಡಿದರು, ಸಂಡಿಗೆ ನೋಡಿದರು, ಹಾರುವ ಚಾದರ ನೋಡಿದರು. ಕೊನೆಗೆ ಬೆಳಕು ನೋಡಲು ಒತ್ತಿದ ಆ ಚಿತ್ರ ಬಂತು.

ಮೂವರೂ ನಗುತ್ತಿದ್ದರು. ಆಯಿಯ ಹಲ್ಲಿಲ್ಲದ ನಗು, ಬಸವ್ವನ ಕೆನ್ನೆ, ಆಯಿಯ ಹೆಗಲಿಗೆ ಒರಗಿದ ಸವಿತಾಳ ತಲೆ, ಎಲ್ಲವೂ ನಾನು ಯಾವತ್ತೂ ತೆಗೆಯದಷ್ಟು ಚೆನ್ನಾಗಿ ಬಂದಿದ್ದವು. ಆದರೆ ಅದರಲ್ಲಿ ಇದ್ದದ್ದು ಮೂರೇ ಜನ.

ಆಯಿ ಮುಖ ಹತ್ತಿರ ತಂದರು. ಬೆರಳನ್ನು ಚಿತ್ರದಲ್ಲಿದ್ದ ಕನ್ನಡಕದ ಕಪ್ಪು ಗಾಜಿನ ಮೇಲಿಟ್ಟರು.

"ಇಲ್ಲಿ ಕುಂತಾಂವ ಯಾರು?"

ಚಿತ್ರ ದೊಡ್ಡದು ಮಾಡಿದೆ. ಎರಡೂ ಗಾಜುಗಳಲ್ಲಿ ನಾನಿದ್ದೆ. ಕುಕ್ಕರಗಾಲು, ಮುಚ್ಚಿದ ಒಂದು ಕಣ್ಣು, ಒಂದನೆಯ ತರಗತಿಯ ಹುಡುಗ ಅಕ್ಷರ ತಿದ್ದುವಾಗ ಹಾಕುವಂತೆ ಹೊರಗೆ ಹಾಕಿದ ನಾಲಿಗೆ. ಅವರು ನಕ್ಕದ್ದು ಯಾಕೆಂದು ಆಗ ತಿಳಿಯಿತು.

"ಮೂರ್ ಮಂದಿ ಎಲ್ಲೈತಿ? ನಾಲ್ಕನೇದಾಂವ ಇಲ್ಲೇ ಅದಾನಲ್ಲ," ಎಂದು ಆಯಿ ನನ್ನ ತಲೆಯ ಮೇಲೆ ಕೈ ಇಟ್ಟರು. "ಇದನ್ನ ಕಟ್ಟು ಹಾಕಿಸಿಕೊಡು ನನ್ನಪ್ಪಾ."

ಸಂಜೆಯೇ ದಿಲ್‌ಸುಖ್‌ನಗರಕ್ಕೆ ಹೋಗಿ ಕಟ್ಟು ಹಾಕಿಸಿ ತಂದೆ. ದಾರಿಯುದ್ದಕ್ಕೂ ಆ ಕನ್ನಡಕವನ್ನು ನೆನೆದೆ. ಅದು ಒಂದೇ ದಿನ ಒಂದು ಕಣ್ಣನ್ನೂ ನನ್ನ ಮಾನವನ್ನೂ ಉಳಿಸಿತ್ತು. ಮಾನದ ವಿಷಯದಲ್ಲಿ ಮಾತ್ರ ಹಾಗೆ ಅಂದುಕೊಳ್ಳಲು ನಾನು ಸ್ವಲ್ಪ ಅವಸರಪಟ್ಟೆ.

ಈಗ ಫೋಟೋ ಲಿಂಗಸುಗೂರಿನ ಗೋಡೆಯ ಮೇಲಿದೆ. ಬಂದವರಿಗೆಲ್ಲ ಆಯಿ ಮೊದಲು ತೋರಿಸುವುದು ಮಗಳನ್ನೂ ಅಲ್ಲ, ಮೊಮ್ಮಗಳನ್ನೂ ಅಲ್ಲವೆಂದು ಸವಿತಾ ಹೇಳಿದಳು. ಕನ್ನಡಕದೊಳಗೆ ನಾಲಿಗೆ ಚಾಚಿದವನು ಯಾರೆಂದು ಕೇಳಿದರೆ, ಫೋಟೋ ತೆಗೆದಾಂವ, ಭಾಳ ಚಲೋ ಮನಷ್ಯಾ ಎನ್ನುತ್ತಾರಂತೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಡ.

ನಿರ್ಮಲಾಳೂ ಆ ಚಿತ್ರವನ್ನು ಬಹಳ ಹೊತ್ತು ನೋಡಿ ಮೆಚ್ಚಿದಳು.

"ಇಷ್ಟ್ ವರ್ಷಕ್ಕ ನಿಮ್ಮ ಫೋಟೋದಾಗ ಹಾರಿಹೋಗದ ಕುಂತ ಪಕ್ಷಿ ಅಂದ್ರ ಇದೊಂದ ನೋಡ್ರಿ."